ಹಾಸನವನ್ನು ಕೊನೆಗಿಟ್ಟುಕೊಳ್ಳಿ: ರೈಲು ಸುತ್ತಾಟದ 18ನೇ ದಿನ ಬರೆದದ್ದು

ಹಾಸನ ಸ್ಟೇಷನ್‌ನಲ್ಲಿ ಇಳಿದು ಹತ್ತು ಹೆಜ್ಜೆ ಹಾಕಿರಲಿಲ್ಲ, ಬ್ಯಾಗಿನ ಪಟ್ಟಿ ಕಿತ್ತು ಬಂತು. ಎರಡು ವಾರ ತಡೆದುಕೊಂಡಿತ್ತು, ಪಾಪ. ಬಸ್ ನಿಲ್ದಾಣದ ಹತ್ತಿರ ಚಪ್ಪಲಿ, ಕೊಡೆ ರಿಪೇರಿ ಮಾಡುವ ಅಜ್ಜ ಒಬ್ಬರು ಸಿಕ್ಕರು. ಬ್ಯಾಗನ್ನು ಒಂದು ಸಲ ಎತ್ತಿ ನೋಡಿ ಕೆಳಗಿಟ್ಟರು. "ಒಳಗೇನು ಕಲ್ಲು ತುಂಬ್ಕೊಂಡಿದ್ದೀರೇನವ್ವ? ನಾನು ಹೊಲಿದ್ರೂ ದಾರ ತಡೀಬೇಕಲ್ಲ" ಅಂದರು. ದಾರಕ್ಕೆ ಮೇಣ ಸವರಿ ಎರಡೆಳೆ ಮಾಡಿದರು. ಹಳೇ ಚಪ್ಪಲಿಯಿಂದ ಕತ್ತರಿಸಿದ ಚರ್ಮದ ತುಂಡನ್ನು ಒಳಗೆ ಒತ್ತು ಕೊಟ್ಟು, ಅಡ್ಡಡ್ಡ ಹೊಲಿದರು. 50 ರೂಪಾಯಿ. ಅಂಗಡಿಯವನು ಹಾಕಿದ ಹೊಲಿಗೆ ಕಿತ್ತಿತ್ತು, ಅಜ್ಜ ಹಾಕಿದ್ದು ಇನ್ನೂ ಗಟ್ಟಿಯಾಗಿದೆ.

ಇವತ್ತಿಗೆ ನಮ್ಮ ಪ್ರವಾಸದ 18ನೇ ದಿನ. ನಾಳಿದ್ದು ಅರಸೀಕೆರೆ ಮೇಲೆ ತುಮಕೂರಿಗೆ, ಮನೆಗೆ. ನಾನು ಮತ್ತು ಗೆಳತಿ, ಇಬ್ಬರೇ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೀದರ್‌ಗೆ ಹೋದೆವು. ಅಲ್ಲಿಂದ ಕಲಬುರಗಿ, ಹೋಟಗಿ ಜಂಕ್ಷನ್‌ನಲ್ಲಿ ರೈಲು ಬದಲಿಸಿ ವಿಜಯಪುರ, ಆಮೇಲೆ ಬಾದಾಮಿ, ಗದಗ, ಹೊಸಪೇಟೆ, ಹುಬ್ಬಳ್ಳಿ. ಕ್ಯಾಸಲ್‌ರಾಕ್ ಘಟ್ಟ ಇಳಿದು ಮಡಗಾಂವ್, ಕೊಂಕಣ ರೈಲಿನಲ್ಲಿ ಕಾರವಾರ, ಗೋಕರ್ಣ, ಉಡುಪಿ, ಮಂಗಳೂರು. ಕೊನೆಗೆ ಸುಬ್ರಹ್ಮಣ್ಯ ಘಟ್ಟ ಹತ್ತಿ ಹಾಸನ.

ಇದೇ ಸುತ್ತು ಹಾಕಬೇಕು ಅಂತಿರುವವರಿಗೆ ನನ್ನ ಮೊದಲ ಮಾತು: ಉಲ್ಟಾ ಹಾಕಬೇಡಿ. ನಾವೂ ಮೊದಲು ಹಾಸನದಿಂದಲೇ ಶುರು ಮಾಡೋಣ ಅಂದುಕೊಂಡಿದ್ದೆವು, ಮನೆಗೆ ಹತ್ತಿರ ಅಂತ. ಹಾಗೆ ಮಾಡಿದ್ದರೆ ಮೇ ಮಧ್ಯದಲ್ಲಿ, ಮೈಯಲ್ಲಿ ತ್ರಾಣ ಇಲ್ಲದ ಹೊತ್ತಿಗೆ ಕಲಬುರಗಿಯಲ್ಲಿ ಇರುತ್ತಿದ್ದೆವು. ಅಲ್ಲಿ ಈ ಕಾಲದಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬಿಸಿಲಿನ ಊರುಗಳನ್ನು ಹುಮ್ಮಸ್ಸು ಇರುವಾಗಲೇ ಮುಗಿಸಿಕೊಳ್ಳಿ. ಬೆಳಗ್ಗೆ 6ರಿಂದ 10, ಸಂಜೆ 5ರ ಮೇಲೆ. ನಡುವೆ ರೂಮಲ್ಲಿ ಫ್ಯಾನ್ ಕೆಳಗೆ ಬಿದ್ದುಕೊಳ್ಳಿ.

ಅಲ್ಲಿಯ ಜನರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ವಿಜಯಪುರದಿಂದ ಬಾದಾಮಿಗೆ ಬರುವಾಗ ಎದುರು ಕೂತಿದ್ದ ಅಮ್ಮ ನಮ್ಮ ಬ್ಯಾಗು ನೋಡಿ, "ಎಲ್ಲಿಗ್ ಹೊಂಟೀರೆವ್ವಾ? ಮನ್ಯಾಗ ಹೇಳಿ ಬಂದೀರಿಲ್ಲೋ?" ಅಂತ ವಿಚಾರಣೆ ಶುರು ಮಾಡಿದರು. ಉತ್ತರ ಸಮಾಧಾನ ತಂದ ಮೇಲೆ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಡೆಗೆ ಒಂದು ಈರುಳ್ಳಿ ಗುದ್ದಿ ಒಡೆದು ಇಬ್ಬರಿಗೂ ಹಂಚಿದರು. ಜನರಲ್ ಬೋಗಿಯಲ್ಲಿ ಹಗಲು ಹೊತ್ತು ಹೋಗೋಕೆ ಹೆದರಬೇಡಿ. ಬಾದಾಮಿ ಸ್ಟೇಷನ್‌ನಿಂದ ಊರು ಸುಮಾರು 5 ಕಿಲೋಮೀಟರ್, ಕತ್ತಲಾಗುವ ಮೊದಲು ತಲುಪುವ ಹಾಗೆ ನೋಡಿಕೊಳ್ಳಿ.

ಟಿಕೆಟ್ ವಿಷಯಕ್ಕೆ ಬರೋಣ. ಈಗ ರಿಸರ್ವೇಷನ್ ತೆರೆಯುವುದು 60 ದಿನ ಮುಂಚೆ. ಮೊದಲು 120 ಇತ್ತು, 2024ರ ನವೆಂಬರ್‌ನಿಂದ ಇಳಿಸಿದರು. ಬೇಸಿಗೆ ರಜೆಯಲ್ಲಿ ರಾತ್ರಿ ರೈಲುಗಳಿಗೆ ಮಾತ್ರ ಮುಂಚೆ ಮಾಡಿಸಿ, ಹಗಲಿನದ್ದನ್ನು ಬಿಡಿ. ತತ್ಕಾಲ್ ಅಂದರೆ ಹಿಂದಿನ ದಿನ ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಅದಕ್ಕೆ ಈಗ ಆಧಾರ್ ಜೋಡಿಸಿರಬೇಕು, ಮನೆಯಲ್ಲಿರುವಾಗಲೇ ಮಾಡಿಕೊಳ್ಳಿ. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ (ಪ್ರಯಾಣಿಕರ ಕೊನೆಯ ಪಟ್ಟಿ) ಆದಾಗಲೂ ವೇಟಿಂಗಲ್ಲೇ ಇದ್ದರೆ ತಾನೇ ರದ್ದಾಗುತ್ತದೆ. ಅದನ್ನು ಹಿಡಿದು ರೈಲು ಹತ್ತಬೇಡಿ.

ಇಷ್ಟೆಲ್ಲಾ ಗೊತ್ತಿದ್ದೂ ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಗದಗದಿಂದ ರಾತ್ರಿ ಹನ್ನೆರಡೂವರೆ ಸುಮಾರಿನ ರೈಲಿಗೆ 5ನೇ ತಾರೀಖಿನ ಟಿಕೆಟ್ ಮಾಡಿಸಿದ್ದೆ. 5ರ ರಾತ್ರಿ ಊಟ ಮಾಡಿ, ಆರಾಮಾಗಿ ಪ್ಲಾಟ್‌ಫಾರ್ಮಿನಲ್ಲಿ ಕೂತೆವು. ರೈಲು ಬಂತು. ನಮ್ಮ ಬರ್ತ್‌ನಲ್ಲಿ ಬೇರೆ ಯಾರೋ ಮಲಗಿದ್ದರು. ಜಗಳಕ್ಕೇ ಹೋಗಿದ್ದೆ ನಾನು. ಟಿಟಿಇ ಟಿಕೆಟ್ ನೋಡಿ ನಕ್ಕರು. "ನಿಮ್ಮ ರೈಲು ನಿನ್ನೆ ಹೋಯ್ತಲ್ಲಮ್ಮ." ಹನ್ನೆರಡು ಹೊಡೆದರೆ ತಾರೀಖು ಬದಲು. 5ರ ಟಿಕೆಟ್ ಅಂದರೆ 4ರ ರಾತ್ರಿಯೇ ಊಟ ಮುಗಿಸಿ ಹೊರಡಬೇಕಿತ್ತು. ದುಡ್ಡು ಹೋಯಿತು, ಹೊಸಪೇಟೆವರೆಗೆ ಜನರಲ್ ಬೋಗಿಯ ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತು ಬಂದೆವು. ಗೆಳತಿ ಎರಡು ದಿನ ಮಾತಾಡಿದ್ದೇ ಕಮ್ಮಿ. ಹನ್ನೆರಡರಿಂದ ಎರಡರ ನಡುವಿನ ರೈಲಿದ್ದರೆ ಇಬ್ಬರೂ ಬೇರೆ ಬೇರೆ ಕೂತು ತಾರೀಖು ಲೆಕ್ಕ ಹಾಕಿ, ಉತ್ತರ ತಾಳೆ ನೋಡಿ.

ಸಣ್ಣದು ಒಂದೆರಡು. ಬೋಗಿಯ ಚಾರ್ಜಿಂಗ್ ಪ್ಲಗ್‌ಗಳಿಗೆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಕರೆಂಟ್ ಇರುವುದಿಲ್ಲ, ಮೊದಲೇ ಚಾರ್ಜ್ ಮಾಡಿಕೊಳ್ಳಿ. ಕ್ಲೋಕ್ ರೂಮಿನಲ್ಲಿ ಬೀಗ ಇಲ್ಲದ ಬ್ಯಾಗು ತಗೊಳ್ಳಲ್ಲ, ಒಂದು ಪುಟ್ಟ ಬೀಗ ಇರಲಿ. ಹುಬ್ಬಳ್ಳಿಯಲ್ಲಿ ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮುಂಚೆಯೇ ವಿಚಾರಿಸಿ. ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಪ್ರಪಂಚಕ್ಕೇ ಉದ್ದ. ನಮ್ಮ ಬೋಗಿ ಆ ತುದಿಯಲ್ಲಿತ್ತು ಅಂತ ಬೇರೆ ಹೇಳಬೇಕಾ?

ಕರಾವಳಿಯ ಬಗ್ಗೆ ಜಾಸ್ತಿ ಬರೆಯಲ್ಲ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಅದನ್ನು ಹಗಲಲ್ಲಿ ದಾಟಿ ಸಾಕು. ಮೇ ತಿಂಗಳ ಉಡುಪಿ, ಮಂಗಳೂರಿನಲ್ಲಿ ನನಗೆ ನೆನಪಿರುವುದು ಗೋಳಿಬಜೆ ಮತ್ತು ಬೆವರು.

ಮಂಗಳೂರಿನಿಂದ ಹಾಸನಕ್ಕೆ ಮಾತ್ರ ಹಗಲು ರೈಲಿನಲ್ಲೇ ಬನ್ನಿ. ರಾತ್ರಿ ರೈಲಲ್ಲಿ ಆ ಘಟ್ಟ ಹತ್ತಿದರೆ ದುಡ್ಡು ದಂಡ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ, ಅಷ್ಟು ಏರು. ಕೆಲವು ರೈಲುಗಳಿಗೆ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಇದೆ. ನಾವು ಹತ್ತಿದ್ದು ಮಾಮೂಲಿ ಬೋಗಿ, ಅದೇ ಸರಿ ಅನ್ನಿಸಿತು. ಕಿಟಕಿ ತೆರೆದಿದ್ದರೆ ತಾನೇ ಹವಾ ಬದಲಾಗುವುದು ಗೊತ್ತಾಗೋದು? ಸಿರಿಬಾಗಿಲು ದಾಟಿದ ಮೇಲೆ ಪ್ರತಿ ಸುರಂಗದಿಂದ ಹೊರಬಂದಾಗಲೂ ಗಾಳಿ ಒಂದು ಪಟ್ಟು ತಣ್ಣಗೆ. ಯಡಕುಮರಿ ಹೊತ್ತಿಗೆ ಗೆಳತಿ ಕಾರವಾರದ ನಂತರ ಮೊದಲ ಸಲ ದುಪಟ್ಟಾ ಹೊದ್ದುಕೊಂಡಳು.

ಯಾರಾದರೂ ಹಳಿ ಮೇಲೆ ಟ್ರೆಕ್ಕಿಂಗ್ ಅಂದರೆ ಒಪ್ಪಬೇಡಿ. ಮೊದಲು ತುಂಬಾ ಜನ ನಡೆಯುತ್ತಿದ್ದರು, ಈಗ ನಿಷೇಧ ಇದೆ. ಸುರಂಗದ ನಡುವೆ ರೈಲು ಬಂದರೆ ಎಲ್ಲಿಗೆ ಹೋಗ್ತೀರಿ? ಇನ್ನು ಪ್ರವಾಸವನ್ನು ಜೂನ್ ಮಧ್ಯದ ಆಚೆಗೆ ಎಳೆಯಬೇಡಿ. 2024ರ ಜುಲೈನಲ್ಲಿ ಯಡಕುಮರಿ, ಕಡಗರವಳ್ಳಿ ನಡುವೆ ಮಣ್ಣು ಕುಸಿದು ಎಷ್ಟೋ ದಿನ ರೈಲೇ ಓಡಲಿಲ್ಲ.

ಹಾಸನದಲ್ಲಿ ಐದು ರಾತ್ರಿಗೆ ಒಂದೇ ರೂಮು ಮಾಡಿದೆವು. ಈ ಪ್ರವಾಸದಲ್ಲಿ ನಾವು ತೆಗೆದುಕೊಂಡ ಒಳ್ಳೇ ನಿರ್ಧಾರ ಇದೊಂದೇ. ಎರಡು ವಾರ ದಾಟಿದ ಮೇಲೆ ಕಾಲಿಗಿಂತ ಮೊದಲು ಕಣ್ಣು ಸುಸ್ತಾಗುತ್ತದೆ. ಉಡುಪಿಯಲ್ಲಿ ನಾನು ಏನು ನೋಡಿದೆ ಅಂತ ಕೇಳಿದರೆ ಫೋನ್ ತೆಗೆದು ಫೋಟೋ ನೋಡಿ ಹೇಳಬೇಕು. ಅದಕ್ಕೇ ಕೊನೆಯ ದಿನಗಳಿಗೆ ಬ್ಯಾಗು ಹೊರದೆ ಓಡಾಡುವಂಥ ಊರು ಬೇಕು. ಇಲ್ಲಿಂದ ಮೈಸೂರು, ಅರಸೀಕೆರೆ, ಮಂಗಳೂರು ಕಡೆಗೆ ರೈಲಿದೆ. 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೂ ನೇರ ಹಳಿ ಇದೆ. ಬೇಲೂರು, ಹಳೇಬೀಡಿಗೆ ರೈಲಿಲ್ಲ, ಬಸ್ಸೇ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ.

ಎಲ್ಲರೂ ಬೇಲೂರು, ಹಳೇಬೀಡು ಒಂದೇ ದಿನ ಮುಗಿಸುತ್ತಾರೆ. ನಡುವೆ ಬರೀ 16 ಕಿಲೋಮೀಟರ್, ಮುಗಿಸಬಹುದು ಕೂಡ. ನಾವು ಒಂದೊಂದಕ್ಕೆ ಒಂದೊಂದು ದಿನ ಕೊಟ್ಟೆವು. ಬೇಲೂರಿನ ಗುಡಿ 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು. ಕೆಳಗಿನ ಸಾಲಿನ ಆನೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಅಂತಾರೆ. ಪರೀಕ್ಷೆ ಮಾಡೋಣ ಅಂತ ಎಣಿಸುತ್ತಾ ಹೊರಟು, ಅರವತ್ತಕ್ಕೆ ಕೈಬಿಟ್ಟೆವು. ಮೇಲೆ ಮದನಿಕೆಯರಲ್ಲಿ ಒಬ್ಬಳ ತಲೆ ಮೇಲಿನ ಬಳ್ಳಿಯಲ್ಲಿ ಹಲಸಿನ ಹಣ್ಣು, ಹಣ್ಣಿನ ಮೇಲೆ ನೊಣ, ಅದನ್ನು ಹಿಡಿಯೋಕೆ ಹೊಂಚು ಹಾಕಿದ ಹಲ್ಲಿ ಇದೆ ಅಂತ ಮೇಷ್ಟ್ರು ಶಾಲೆಯಲ್ಲಿ ಹೇಳಿದ್ದು ನೆನಪಾಯಿತು. ಕತ್ತು ನೋಯುವವರೆಗೆ ಹುಡುಕಿದೆವು. ಕೊನೆಗೆ ತೋರಿಸಿದ್ದು ಅಪ್ಪನ ಹೆಗಲ ಮೇಲೆ ಕೂತಿದ್ದ ಒಂದು ಮಗು, "ಪಪ್ಪಾ ಹಲ್ಲಿ!" ಅಂತ ಕಿರುಚಿ. ನೊಣ ಎಷ್ಟಿದೆ ಗೊತ್ತಾ? ಉಗುರಿನಷ್ಟೂ ಇಲ್ಲ.

ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಕಾದ ಕಾವಲಿ. ಚಪ್ಪಲಿ ಹೊರಗೆ ಬಿಡಬೇಕಲ್ಲ, ಹಳೇ ಕಾಲುಚೀಲ ಒಂದು ಜೊತೆ ಒಯ್ಯಿರಿ. ಗರ್ಭಗುಡಿ ಮಧ್ಯಾಹ್ನ ಮುಚ್ಚುತ್ತದೆ, ಬೆಳಗ್ಗೆಯೇ ಹೋಗಿ. ಹಳೇಬೀಡಿನಲ್ಲಿ ದೊಡ್ಡ ಗುಡಿ ನೋಡಿ ಬಸ್ ಹತ್ತಬೇಡಿ, ನಡೆಯುವ ದೂರದಲ್ಲೇ ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನುಣುಪು ಅಂದರೆ ಮುಖ ಕಾಣುತ್ತದೆ. ಎಷ್ಟೋ ದಿನದ ಮೇಲೆ ಸರಿಯಾಗಿ ಮುಖ ನೋಡಿಕೊಂಡಿದ್ದು ಅಲ್ಲೇ. ಅಮ್ಮ ಗುರುತು ಹಿಡಿಯೋದು ಕಷ್ಟ.

ಹಾಸನಾಂಬ ದರ್ಶನ ಮಾಡೋಣ ಅಂದುಕೊಂಡು ಬರಬೇಡಿ, ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ. ಚಿಕ್ಕಮಗಳೂರನ್ನು ನಾವು ಬೇಕಂತಲೇ ಬಿಟ್ಟೆವು. ಮೇ ತಿಂಗಳಲ್ಲಿ ಮುಳ್ಳಯ್ಯನಗಿರಿ ದಾರಿಯ ಕಾರುಗಳನ್ನು ನೋಡೋಕೆ ಯಾಕೆ ಹೋಗಬೇಕು? ಶ್ರವಣಬೆಳಗೊಳ ನಾಳೆ. ಗೊಮ್ಮಟನ ಬೆಟ್ಟಕ್ಕೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಅದೂ ಬರಿಗಾಲಲ್ಲಿ. ಬೆಳಗ್ಗೆ ಬೇಗ ಹೋಗದೆ ವಿಧಿಯಿಲ್ಲ.

ಇವತ್ತು ಮಧ್ಯಾಹ್ನ ಶೆಟ್ಟಿಹಳ್ಳಿಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗುವ ಹಳೇ ಚರ್ಚು, ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಆಟೋ ಮಾತಾಡಿ ಆಗಿತ್ತು. ಅಷ್ಟರಲ್ಲಿ ಆಕಾಶ ಹರಿದುಕೊಂಡು ಬಂತು. "ಕೃತ್ತಿಕೆ ಮಳೆ ಕಣಮ್ಮ, ಇವತ್ತು ಬಿಡಲ್ಲ" ಅಂದರು ಲಾಡ್ಜಿನವರು. ಗೆಳತಿ ಅದನ್ನೇ ಕಾಯುತ್ತಿದ್ದವಳ ಹಾಗೆ ಮುಸುಕೆಳೆದು ಮಲಗಿದಳು.

ನಾನು ಬ್ಯಾಗು ಮಂಚದ ಮೇಲೆ ಸುರಿದು, 18 ದಿನದಲ್ಲಿ ಒಮ್ಮೆಯೂ ಹೊರಗೆ ತೆಗೆಯದ ಸಾಮಾನನ್ನೆಲ್ಲ ಒಂದು ಕಡೆ ಹಾಕಿದೆ. ಜೀನ್ಸ್ ಎರಡು, ದಪ್ಪ ಪುಸ್ತಕ ಮೂರು, ಸ್ಲೀಪಿಂಗ್ ಬ್ಯಾಗು, ಸ್ಟೀಲ್ ತಟ್ಟೆ, ಶಾಂಪೂ ದೊಡ್ಡ ಬಾಟಲಿ, ಇಸ್ತ್ರಿ ಮಾಡಿದ ಒಂದು ಸೀರೆ. ಸೀರೆ ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ. ಮೊದಲ ವಾರವೇ ಇದನ್ನೆಲ್ಲ ಪೋಸ್ಟ್ ಆಫೀಸಿನಿಂದ ಮನೆಗೆ ಪಾರ್ಸೆಲ್ ಮಾಡಬೇಕಿತ್ತು. ಇಷ್ಟೆಲ್ಲ ಇದ್ದ ಬ್ಯಾಗಿನಲ್ಲಿ ಇರದಿದ್ದದ್ದು ಒಂದು ಕೊಡೆ. ಅಜ್ಜನ ಹತ್ತಿರ ರಿಪೇರಿ ಮಾಡಿದ ಹಳೇ ಕೊಡೆಗಳು ನೇತಾಡುತ್ತಿದ್ದವು. ಮಳೆ ನಿಂತ ಮೇಲೆ ಹೋಗಿ ಕೇಳಬೇಕು.