ದೋಸೆಯ ಹೋಟೆಲಿನಲ್ಲಿ ಇಡ್ಲಿ ಏಕೆ?

ನನ್ನೊಡನೆ ತಿಂಡಿಗೆ ಬಂದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: "ಸುತ್ತಲೂ ಎಲ್ಲರೂ ಮಸಾಲೆ ದೋಸೆ ತಿನ್ನುತ್ತಿರುವಾಗ ನೀವೊಬ್ಬರು ಜ್ವರ ಬಿಟ್ಟವರ ಹಾಗೆ ಇಡ್ಲಿ ಏಕೆ ತರಿಸುತ್ತೀರಿ?" ಹೊಸ ಹೋಟೆಲಿಗೆ ಮೊದಲ ಸಲ ಕಾಲಿಟ್ಟಾಗ ನಾನು ಇಡ್ಲಿಯನ್ನೇ ಕೇಳುವುದು ನಿಜ. ಅದರಲ್ಲಿ ಪಥ್ಯವೂ ಇಲ್ಲ, ಜಿಪುಣತನವೂ ಇಲ್ಲ. ಆ ಅಡುಗೆಮನೆಯಲ್ಲಿ ಹಿಂದಿನ ರಾತ್ರಿ ಏನು ನಡೆಯಿತೆಂಬುದನ್ನು ಇಡ್ಲಿಯಷ್ಟು ನೇರವಾಗಿ ಬೇರಾವ ತಿಂಡಿಯೂ ಹೇಳುವುದಿಲ್ಲ.

ದೋಸೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಭಾನುವಾರದ ಬೆಳಿಗ್ಗೆ ಕಾದು ನಿಂತವರಲ್ಲಿ ನಾನೂ ಒಬ್ಬ. ಆದರೆ ದೋಸೆಗೆ ಕಾವಲಿಯ ಆಸರೆಯಿದೆ. ಕಾದ ಕಬ್ಬಿಣದ ಮೇಲೆ ಹಿಟ್ಟು ಕೆಂಪಗಾಗುವಾಗ ಏಳುವ ಘಮ, ಮೇಲೆ ಸುರಿದ ತುಪ್ಪ, ಒಳಗೆ ಸವರಿದ ಕೆಂಪು ಚಟ್ನಿ, ಅದರ ಮೇಲೊಂದು ಮುದ್ದೆ ಪಲ್ಯ, ಇಷ್ಟೆಲ್ಲ ಸೇರಿದ ಮೇಲೆ ಹಿಟ್ಟು ತುಸು ಹುಳಿಯಾಗಿದ್ದರೂ ತಿನ್ನುವವರಿಗೆ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಆ ಹುಳಿಯೇ ರುಚಿ ಎನಿಸಿಬಿಡುತ್ತದೆ. ಇಡ್ಲಿಗೆ ಈ ಸೌಲಭ್ಯವಿಲ್ಲ. ಅದು ಬೇಯುವುದು ಹಬೆಯಲ್ಲಿ, ಹಬೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಹಿಟ್ಟು ಕೆಂಪಗಾಗಿ ಘಮಗುಡಲು ಆ ಬಿಸಿ ಸಾಲದು. ಹಾಗಾಗಿ ಇಡ್ಲಿಯ ರುಚಿ ಎಂದರೆ ಅಕ್ಕಿ, ಉದ್ದು, ಉಪ್ಪು ಮತ್ತು ಒಂದು ರಾತ್ರಿಯ ಹುದುಗು, ಅಷ್ಟೇ.

ಆ ಒಂದು ರಾತ್ರಿಯಲ್ಲಿಯೇ ಎಲ್ಲವೂ ಇದೆ. ಉದ್ದನ್ನು ನೊರೆ ಬರುವಂತೆ ನುಣ್ಣಗೆ ರುಬ್ಬಿ, ಅದರ ಎರಡು ಮೂರು ಪಾಲಿನಷ್ಟು ಅಕ್ಕಿತರಿಯನ್ನು ಬೆರೆಸಿಟ್ಟರೆ, ಬೇಳೆಯೊಂದಿಗೇ ಬಂದಿರುವ ಲ್ಯೂಕೊನೊಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಬೆಳೆದು ಹುಳಿಯನ್ನೂ ಗಾಳಿಯನ್ನೂ ಹುಟ್ಟಿಸುತ್ತವೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಟ್ಟು ಉಬ್ಬುತ್ತದೆ. ಡಿಸೆಂಬರಿನ ಚಳಿಯಲ್ಲಿ ಬೆಳಗಾದರೂ ಏಳದ ಹಿಟ್ಟು ಏಪ್ರಿಲಿನಲ್ಲಿ ನಡುರಾತ್ರಿಗೇ ಪಾತ್ರೆಯಿಂದ ಉಕ್ಕಿ ಹರಿಯಬಹುದು. ಉದ್ದಿನ ಬೆಲೆ ಏರಿದಾಗ ಅದರ ಪಾಲನ್ನು ಕಡಿಮೆ ಮಾಡಿದವರು, ಹಿಟ್ಟು ಏಳಲಿಲ್ಲವೆಂದು ಬೆಳಗಿನ ಜಾವ ಸೋಡಾ ಹಾಕಿದವರು ಎಲ್ಲರೂ ತಟ್ಟೆಯಲ್ಲಿ ಸಿಕ್ಕಿಬೀಳುತ್ತಾರೆ. ಸೋಡಾ ಹೆಚ್ಚಾದ ಇಡ್ಲಿಗೆ ಸಣ್ಣ ಹಳದಿ ಛಾಯೆಯೂ ನಾಲಗೆಯ ತುದಿಯಲ್ಲಿ ಸಾಬೂನಿನಂಥ ಒಂದು ರುಚಿಯೂ ಇರುತ್ತದೆ.

ನಾನು ನೋಡುವ ಕ್ರಮ ಹೀಗೆ. ಇಡ್ಲಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ತಗ್ಗಿ ಮತ್ತೆ ಮೇಲೇಳಬೇಕು. ಮುರಿದಾಗ ಒಳಮೈ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿರಬೇಕು, ತರಿ ಕಣ್ಣಿಗೆ ಕಾಣಬೇಕು, ಆದರೆ ಹಲ್ಲಿಗೆ ಸಿಗಬಾರದು. ಮೊದಲ ತುಂಡನ್ನು ಚಟ್ನಿಯಿಲ್ಲದೆ ತಿನ್ನುತ್ತೇನೆ. ಇದನ್ನು ಕಂಡು ನಗುವವರು ನಗಲಿ. ಕೌಂಟರಿನಲ್ಲಿ "ಡಿಪ್ಪಾ, ಸೆಪರೇಟಾ?" ಎಂದು ಕೇಳಿದರೆ ನನ್ನ ಉತ್ತರ ಯಾವಾಗಲೂ ಸೆಪರೇಟ್, ಏಕೆಂದರೆ ಸಾಂಬಾರಿನಲ್ಲಿ ಮುಳುಗಿದ ಮೇಲೆ ನಿನ್ನೆಯ ಇಡ್ಲಿಗೂ ಇಂದಿನದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಒಮ್ಮೆ ಹೆದ್ದಾರಿಯ ಬದಿಯ ಒಂದು ಥಳಥಳಿಸುವ ಹೋಟೆಲಿನಲ್ಲಿ ಈ ನಿಯಮವನ್ನು ಮರೆತು ಡಿಪ್ ಎಂದೆ. ಅರ್ಧ ತಿಂದ ಮೇಲೆ ಚಮಚಕ್ಕೆ ಸಿಕ್ಕಿದ್ದು ಮಧ್ಯದಲ್ಲಿ ಇನ್ನೂ ತಣ್ಣಗೆ, ಗಟ್ಟಿಯಾಗಿ ಉಳಿದಿದ್ದ ಫ್ರಿಜ್ಜಿನ ಇಡ್ಲಿ.

ಚಟ್ನಿಯ ವಿಷಯದಲ್ಲಿ ನನಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಆದರ್ಶ. 1965ರಲ್ಲಿ ಆರಂಭವಾದ ಆ ಪುಟ್ಟ ಜಾಗದಲ್ಲಿ ಸಾಂಬಾರನ್ನೇ ಕೊಡುವುದಿಲ್ಲ. ಇಡ್ಲಿ, ವಡೆ, ಮೇಲೆ ಧಾರಾಳವಾಗಿ ಸುರಿಯುವ ನೀರು ನೀರಾದ ಚಟ್ನಿ. ಮುಚ್ಚಿಡಲು ಏನೂ ಇಲ್ಲದವರು ಮಾತ್ರ ಹೀಗೆ ಮಾಡಬಲ್ಲರು. ತೆಂಗಿನಕಾಯಿಯ ಚಟ್ನಿ ಬೇಗ ಹಳಸುವ ಪದಾರ್ಥವಾದ್ದರಿಂದ, ಹತ್ತು ಗಂಟೆಯ ನಂತರವೂ ಅದು ಹಸಿಯಾಗಿ ಘಮಘಮಿಸುತ್ತಿದ್ದರೆ ಒಳಗೆ ಮತ್ತೆ ರುಬ್ಬಿದ್ದಾರೆ ಎಂದರ್ಥ.

ರವೆ ಇಡ್ಲಿಯನ್ನು ಈ ಪರೀಕ್ಷೆಗೆ ನಾನು ಸೇರಿಸಿಕೊಳ್ಳುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಅದನ್ನು ಕಂಡುಹಿಡಿದವರು ತಾವೇ ಎಂದು ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ, ತುಪ್ಪ ಮತ್ತು ಸಾಗುವಿನೊಂದಿಗೆ ಅದು ಸೊಗಸೇ. ಆದರೆ ಮೊಸರು, ಒಗ್ಗರಣೆ, ಗೋಡಂಬಿ ಸೇರಿದ ತಿಂಡಿಯಿಂದ ರಾತ್ರಿಯ ಹುದುಗಿನ ಸುದ್ದಿ ತಿಳಿಯುವುದಿಲ್ಲ.

ದರ್ಶಿನಿಗಳ ಬಗೆಗೆ ನನಗಿರುವ ಪ್ರೀತಿಗೂ ಇದೇ ಕಾರಣ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವ ಹೋಟೆಲುಗಳು ಬೆಂಗಳೂರಿನ ತುಂಬ ಹರಡಿದವು. ಕೂರಲು ಕುರ್ಚಿಯಿಲ್ಲವೆಂದು ಹಿರಿಯರು ಗೊಣಗುವುದು ನ್ಯಾಯವೇ. ಆದರೆ ಜನ ಹತ್ತು ನಿಮಿಷಕ್ಕೆ ತಿಂದು ಹೊರಡುವ ಕಡೆ ಒಲೆಯ ಮೇಲಿನ ಇಡ್ಲಿ ಪಾತ್ರೆಗೂ ಬಿಡುವಿರುವುದಿಲ್ಲ, ಮುಚ್ಚಳ ತೆಗೆದಾಗ ಏಳುವ ಹಬೆ ಕೌಂಟರಿನಿಂದಲೇ ಕಾಣುತ್ತದೆ.

ಇನ್ನು, ಪ್ರಶ್ನೆ ಕೇಳುವವರು ಗಮನಿಸದ ಒಂದು ಸಂಗತಿಯಿದೆ. ಇಡ್ಲಿ ಪಾಸಾದ ಹೋಟೆಲಿನಲ್ಲಿ ನಾನು ಕೈ ತೊಳೆಯದೆ ಮತ್ತೆ ಕ್ಯಾಶ್ ಕೌಂಟರಿಗೆ ಹೋಗಿ ಒಂದು ಮಸಾಲೆಗೆ ಟೋಕನ್ ತೆಗೆದುಕೊಳ್ಳುತ್ತೇನೆ. ಅದು ಬರುವ ಹೊತ್ತಿಗೆ ಅವರ ದೋಸೆ ಮುಗಿದಿರುತ್ತದೆ, ಕಾಫಿ ಬರುವುದು ಇನ್ನೂ ತಡವಿರುತ್ತದೆ. ಆಗ ನನ್ನ ದೋಸೆಯ ಗರಿಗರಿಯಾದ ಅಂಚಿಗೆ ಮೊದಲು ಕೈ ಹಾಕುವವರು ಅವರೇ.