ಮೊದಲ ಹೊಡೆತದಲ್ಲೇ ಕೆನ್ನೆ ಮುರಿದವನು

2014ರ ಅಕ್ಟೋಬರ್ 5, ಭಾನುವಾರ. ವಿಜಯದಶಮಿ ಆಗಷ್ಟೇ ಮುಗಿದಿತ್ತು. ಹಬ್ಬಕ್ಕೆ ಮಾಡಿದ ಚಕ್ಕುಲಿ ಇನ್ನೂ ಅರ್ಧ ಡಬ್ಬಿ ಉಳಿದಿತ್ತು. ನಾನು ಸಿಡ್ನಿಗೆ ಬಂದು ಆಗ ಒಂದೇ ವರ್ಷ. ಪಕ್ಕದ ಮನೆಯ ಅಜ್ಜ "ಸಂಜೆ ಫೂಟಿ ನೋಡೋಕೆ ಬಾ" ಎಂದು ಕರೆದಿದ್ದರು. ಚಕ್ಕುಲಿ ಡಬ್ಬಿ ಹಿಡಿದುಕೊಂಡು ಹೋದೆ.

ಈ ಊರಲ್ಲಿ ಫೂಟಿ ಅಂದರೆ ಜಾಸ್ತಿ ಜನಕ್ಕೆ ರಗ್ಬಿ ಲೀಗ್. ತಂಡಕ್ಕೆ 13 ಜನ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು. ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಿನವರಿಗೆ. ನನಗೆ ತಕ್ಷಣ ಹೊಳೆದದ್ದು ಕಬಡ್ಡಿ. ಒಬ್ಬ ನುಗ್ಗೋದು, ಮೂರು ಜನ ಕಾಲು, ಸೊಂಟ, ಹೆಗಲಿಗೆ ಬೀಳೋದು. ಆದರೆ ಕಬಡ್ಡಿಯ ರೈಡರ್ ತಪ್ಪಿಸಿಕೊಂಡು ವಾಪಸ್ ಬರಬೇಕು. ಇಲ್ಲಿ ಮುಂದೆ ನುಗ್ಗಿ ಗುದ್ದೋ ದಪ್ಪ ಆಟಗಾರ, ಅಂದರೆ ಫಾರ್ವರ್ಡ್‌ಗೆ ಆ ಯೋಚನೆಯೇ ಇಲ್ಲ. ಬೇಕಂತಲೇ ಹೋಗಿ ಗುದ್ದಬೇಕು. ಹತ್ತು ಮೀಟರ್ ಸಿಕ್ಕರೆ ದೊಡ್ಡದು. ಬಿದ್ದು, ಎದ್ದು, ಹಿಂದೆ ಸರಿದು, ಮತ್ತೆ ಗುದ್ದಬೇಕು. ಟ್ರೈ ಹೊಡೆದು, ಅಂದರೆ ಚೆಂಡನ್ನು ಎದುರಿನವರ ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸಿ, ಹೆಸರು ಮಾಡೋರು ಸಾಮಾನ್ಯವಾಗಿ ಅಂಚಿನಲ್ಲಿ ಓಡೋ ತೆಳ್ಳಗಿನ ಹುಡುಗರು.

ಅವತ್ತು ಆಸ್ಟ್ರೇಲಿಯಾದ ರಗ್ಬಿ ಲೀಗ್ ಫೈನಲ್. ಅಜ್ಜನ ತಂಡ ಸೌತ್ ಸಿಡ್ನಿ ರ‍್ಯಾಬಿಟೋಸ್. ಎದುರಿಗೆ ಕ್ಯಾಂಟರ್‌ಬರಿ ಬುಲ್‌ಡಾಗ್ಸ್. ಸೌತ್ಸ್ ಕೊನೆಗೆ ಗೆದ್ದಿದ್ದು 1971ರಲ್ಲಿ. ನಡುವೆ ಎರಡು ವರ್ಷ ಲೀಗಿನಿಂದಲೇ ಹೊರಗಿದ್ದು, 2002ರಲ್ಲಿ ವಾಪಸ್ ಬಂದಿತ್ತು.

ಆಟ ಶುರುವಾದದ್ದೇ, ಚೆಂಡು ಹಿಡಿದು ಸೌತ್ಸ್ ತಂಡದ ಸ್ಯಾಮ್ ಬರ್ಜೆಸ್ ನುಗ್ಗಿದ. ಎದುರು ಬಂದವನು ಜೇಮ್ಸ್ ಗ್ರಹಾಂ. ಇಬ್ಬರೂ ಇಂಗ್ಲೆಂಡಿಗೆ ಒಟ್ಟಿಗೆ ಆಡಿದವರು. ತಲೆಗೆ ತಲೆ ಬಡಿಯಿತು. ಸ್ಯಾಮ್ ಎದ್ದವನೇ ಕೆನ್ನೆ ಮುಟ್ಟಿಕೊಂಡ. ಕೆನ್ನೆಯ ಮೂಳೆ, ಕಣ್ಣಿನ ಗುಳಿಯ ಮೂಳೆ ಎರಡೂ ಮುರಿದಿದ್ದವು. ನೋಡನೋಡುತ್ತಲೇ ಮುಖ ಒಂದು ಕಡೆ ಊದಿತು. ಅಜ್ಜ ಕಚ್ಚಿದ ಚಕ್ಕುಲಿಯನ್ನು ಹಾಗೇ ಕೈಯಲ್ಲಿ ಹಿಡಿದು "ಸ್ಯಾಟ್ಲರ್" ಎಂದರು. 1970ರ ಫೈನಲ್‌ನಲ್ಲಿ ಸೌತ್ಸ್ ನಾಯಕ ಜಾನ್ ಸ್ಯಾಟ್ಲರ್ ದವಡೆ ಮುರಿದುಕೊಂಡೇ ಆಡಿ ಗೆಲ್ಲಿಸಿದ ಕತೆ ಗೊತ್ತಾದದ್ದು ಆಗಲೇ.

ಅದೇ ಹೊತ್ತಿಗೆ ಊರಿಂದ ಅಮ್ಮನ ಫೋನ್. ಅಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ವಿಷಯ ಹೇಳಿದೆ. "ಅವನ ಅಮ್ಮ ನೋಡ್ತಾ ಇರಲ್ವೇನೋ?" ಎಂದರು.

ಪಾಪ, ಆ ತಾಯಿಗೆ ಇದು ಒಬ್ಬ ಮಗನ ಕತೆ ಅಲ್ಲ. ಲ್ಯೂಕ್, ಸ್ಯಾಮ್, ಅವಳಿಗಳಾದ ಟಾಮ್ ಮತ್ತು ಜಾರ್ಜ್, ನಾಲ್ವರೂ ಫಾರ್ವರ್ಡ್‌ಗಳು. 2013ರಲ್ಲಿ ನಾಲ್ವರೂ ಸೌತ್ಸ್‌ಗೆ ಒಂದೇ ಪಂದ್ಯದಲ್ಲಿ ಆಡಿದ್ದರು. ಸ್ಯಾಮ್ ಹುಟ್ಟೂರು ಇಂಗ್ಲೆಂಡಿನ ಯಾರ್ಕ್‌ಷೈರಿನ ಡ್ಯೂಸ್‌ಬರಿ, ಉಣ್ಣೆ ಗಿರಣಿಗಳಿದ್ದ ಊರು. ಈ ಆಟ ಹುಟ್ಟಿದ್ದೂ ಆ ಸೀಮೆಯಲ್ಲೇ. ಶನಿವಾರ ಆಡಲು ಹೋದರೆ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕು, ಬೇಡ ಎಂಬ ಜಗಳದಲ್ಲಿ 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು ರಗ್ಬಿ ಯೂನಿಯನ್ ಬಿಟ್ಟು ಬೇರೆಯಾದವು. ಮೈ ಮುರಿದು ದುಡಿಯೋರ ಆಟ ಅಂತ ಸುಮ್ನೆ ಹೇಳೋದಲ್ಲ.

ಸೌತ್ಸ್ 30–6ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕ ಸ್ಯಾಮ್‌ಗೇ ಬಂತು. ಊದಿದ ಮುಖದಲ್ಲಿ ಅವನೂ ಅಳುತ್ತಿದ್ದ, ಸೋಫಾದ ಮೇಲೆ ಅಜ್ಜನೂ.

ಆಮೇಲೆ ಸ್ಯಾಮ್ ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಯೂನಿಯನ್ ಆಡಲು ಇಂಗ್ಲೆಂಡಿನ ಬಾತ್‌ಗೆ ಹೋದ. 2015ರ ವಿಶ್ವಕಪ್‌ನಲ್ಲೂ ಆಡಿದ. ಅದು ಹೊಂದಲಿಲ್ಲ, ಸುಮಾರು ಒಂದು ವರ್ಷಕ್ಕೇ ಸೌತ್ಸ್‌ಗೆ ವಾಪಸ್. ಹೆಗಲು ಕೈಕೊಟ್ಟು 2019ರಲ್ಲಿ ಆಟವನ್ನೇ ಬಿಟ್ಟಾಗ ವಯಸ್ಸು 30. ನಮ್ಮ ಆಫೀಸಿನಲ್ಲಿ ಆ ವಯಸ್ಸಿಗೆ ಪ್ರಮೋಷನ್ ಮಾತು ಶುರುವಾಗಿರುತ್ತೆ, ಅಲ್ವಾ?

2025ರ ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ ಅಜ್ಜ ಬಾಗಿಲು ತಟ್ಟಿದರು. ಲಾಸ್ ವೇಗಸ್‌ನಿಂದ ಪಂದ್ಯ ಬರುತ್ತಿತ್ತು, ವಾರಿಂಗ್ಟನ್ ತಂಡದ ಕೋಚ್ ಸ್ಯಾಮ್. ವಿಗನ್ ಎದುರು 48–24ರಿಂದ ಹೀನಾಯವಾಗಿ ಸೋತರು. ಅಜ್ಜನಿಗೆ ಸ್ಕೋರಿನ ಚಿಂತೆ ಇರಲಿಲ್ಲ. ಕ್ಯಾಮೆರಾ ಅವನ ಮುಖಕ್ಕೆ ಬಂದಾಗಲೆಲ್ಲ ಟಿವಿ ಹತ್ತಿರ ಬಗ್ಗಿ, "ಯಾವ ಕಡೆ ಕೆನ್ನೆ ಅದು?" ಎಂದು ನನ್ನನ್ನೇ ಕೇಳುತ್ತಿದ್ದರು.