ಸುಗ್ಗಿಯಲ್ಲಿ ಕಂಡ ರೋಹಿಣಿ

ನವೆಂಬರ್ ಕೊನೆಯಲ್ಲಿ ರಾಗಿ ಕೊಯ್ಲಿಗೆಂದು ಊರಿಗೆ ಹೋಗಿದ್ದೆ. ಬಸ್ಸಿನಲ್ಲಿ ಓದುತ್ತಿದ್ದ ಹಳೆಯ ಇಂಗ್ಲಿಷ್ ಖಗೋಳ ಪುಸ್ತಕದಲ್ಲಿ 'ಅಕ್ರೋನಿಕಲ್' ಅಂತ ಒಂದು ಪದ ಸಿಕ್ಕಿತು. ಕೇಳಿದರೆ ಯಾವುದೋ ಹಳೇ ಕಾಯಿಲೆಯ ಹೆಸರಿನ ಹಾಗಿದೆ, ಅಲ್ವಾ? ಗ್ರೀಕಿನಲ್ಲಿ 'ಅಕ್ರೋಸ್' ಅಂದರೆ ತುದಿ, 'ನಿಕ್ಸ್' ಅಂದರೆ ರಾತ್ರಿ. ರಾತ್ರಿ ಶುರುವಾಗುವ ತುದಿ, ಅಂದರೆ ಮುಚ್ಚಂಜೆ. ಪಡುವಣದಲ್ಲಿ ಸೂರ್ಯ ಮುಳುಗುವಾಗ ಮೂಡಣದಲ್ಲಿ ನಕ್ಷತ್ರ ಹುಟ್ಟಿದರೆ ಅದು ಅಕ್ರೋನಿಕಲ್ ಉದಯ. ಇದರಲ್ಲಿ ಕಾಲವೆಂಬ ಅರ್ಥದ 'ಕ್ರೊನೊಸ್' ಅಡಗಿದೆ ಅಂದುಕೊಂಡು ಇಂಗ್ಲಿಷಿನವರೇ ಎಷ್ಟೋ ಕಡೆ ಸ್ಪೆಲಿಂಗ್ ಕೆಡಿಸಿದ್ದಾರೆ.

ಕತ್ತಲಾಗುವ ಹೊತ್ತಿಗೆ ಮೆದೆ ಒಟ್ಟಿ ಕಣದಲ್ಲೇ ಕೂತೆವು. ಹುಣಸೆಮರದ ನೆತ್ತಿಯ ಹತ್ತಿರ ಕೆಂಪಗೆ ಒಂದು ಚುಕ್ಕಿ.

"ಅಪ್ಪ, ಅದೇ ರೋಹಿಣಿ."

ಅಪ್ಪ ನಕ್ಕರು. "ರೋಹಿಣಿ ಮುಂಗಾರಿಂದು ಕಣೋ. ಸುಗ್ಗೀಲಿ ಎಲ್ಲಿಂದ ಬಂತು?"

ಒಳ್ಳೇ ಪ್ರಶ್ನೆ. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ. ಆಗ ಸೂರ್ಯ ರೋಹಿಣಿಯಲ್ಲಿರುತ್ತಾನೆ. ಅವನ ಪಕ್ಕದಲ್ಲೇ ಇದ್ದರೆ ಚುಕ್ಕಿ ಕಾಣುವುದು ಹೇಗೆ? 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅಂತ ಗಾದೆ ಹೇಳುತ್ತೇವೆ, ಆದರೆ ಆ ದಿನಗಳಲ್ಲಿ ಅವಳ ಮುಖವನ್ನೇ ನೋಡಿರುವುದಿಲ್ಲ.

ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತವೆ. ತಿಂಗಳಿಗೆ 2 ಗಂಟೆ. ಹಾಗಾಗಿ ಜೂನ್ ಕಳೆಯುವಷ್ಟರಲ್ಲಿ ರೋಹಿಣಿ ನಸುಕಿನಲ್ಲಿ ಇಣುಕುತ್ತಾಳೆ. ಮೋಡ ಬಿಟ್ಟರೆ ತಾನೆ! ಈ ನಸುಕಿನ ಉದಯಕ್ಕೆ 'ಹೆಲಿಯಾಕಲ್' ಅನ್ನುತ್ತಾರೆ. ಹಳೇ ಈಜಿಪ್ಟಿನವರು ಲುಬ್ಧಕ ನಕ್ಷತ್ರ (ಸಿರಿಯಸ್) ಹೀಗೆ ಕಾಣುವುದನ್ನೇ ಕಾಯುತ್ತಿದ್ದರು, ನೈಲ್ ನದಿಗೆ ನೆರೆ ಬರುವ ಕಾಲ ಅದು. ಮೇ ಕಳೆದು ಆರು ತಿಂಗಳಾದರೆ ರೋಹಿಣಿ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ರಾತ್ರಿಯಿಡೀ ಅವಳದೇ.

ನನಗೆ ಜಾಸ್ತಿ ಮಜಾ ಅನ್ನಿಸಿದ್ದು ನಮ್ಮ ತಿಂಗಳುಗಳ ಹೆಸರು. ಹುಣ್ಣಿಮೆ ಚಂದ್ರ ಹುಟ್ಟುವುದು ಸೂರ್ಯ ಮುಳುಗುವಾಗಲೇ. ಕಾರ್ತಿಕದ ಹುಣ್ಣಿಮೆ ಕೃತ್ತಿಕೆಯ ಹತ್ತಿರ ಆಗುತ್ತದೆ, ಮಾರ್ಗಶಿರದ್ದು ಮೃಗಶಿರದ ಹತ್ತಿರ. ಅಂದರೆ ತಿಂಗಳಿಗೆ ಇಟ್ಟಿರುವುದು ಮುಚ್ಚಂಜೆಯಲ್ಲಿ ಹುಟ್ಟುವ ನಕ್ಷತ್ರದ ಹೆಸರು, ಮಳೆಗೆ ಇಟ್ಟಿರುವುದು ಸೂರ್ಯನ ಮರೆಯಲ್ಲಿರುವುದರ ಹೆಸರು. ಒಂದೇ ಪಂಚಾಂಗ, ಎರಡು ಲೆಕ್ಕ.

"ಹಂಗಾದ್ರೆ ಕಾರ್ತೀಕದಲ್ಲಿ ಕೃತ್ತಿಕೆ ಇರ್ಲೇಬೇಕಲ್ಲ, ತೋರ್ಸು" ಅಂದರು ಅಪ್ಪ.

ರೋಹಿಣಿಗಿಂತ ಮೇಲಿದ್ದ ಗೊಂಚಲನ್ನು ತೋರಿಸಿದೆ. ಆರು ಚುಕ್ಕಿ ಎಣಿಸಿ, "ಮೃಗಶಿರ ಎಷ್ಟೊತ್ತಿಗೆ?" ಎಂದರು.

"ಇನ್ನೊಂದು ಗಂಟೆ ಆಗ್ಬಹುದು."

"ಸರಿ, ಅಷ್ಟರಲ್ಲಿ ಉಂಡು ಬರೋಣ ನಡಿ."